ಸಹಾಯ ಬೇಕು: ಪ್ರೋಟೀನ್ ಮಡಚುವುದನ್ನು ತೋರಿಸುವ ಮಾಡೆಲ್

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಹೇಳುತ್ತೇನೆ. 20 ಬಗೆಯ ಅಮೈನೋ ಆಮ್ಲಗಳು ಸೇರಿ ಪ್ರೋಟೀನ್ ಸರಪಳಿಯಾಗುವುದು, ಅದು ಸುತ್ತಿಕೊಂಡು ಮಡಚಿಕೊಳ್ಳುವುದು, ಹಿಮೋಗ್ಲೋಬಿನ್‌ನಲ್ಲಿ ಅಂಥ 4 ಸರಪಳಿ ಒಟ್ಟಿಗೆ ಇರುವುದು, ಇಷ್ಟು ಸಲೀಸಾಗಿ ಆಯಿತು. ಬಿಸಿಗೆ ಮಡಿಕೆ ಬಿಚ್ಚುತ್ತದೆ, ಸರಪಳಿ ತುಂಡಾಗುವುದಿಲ್ಲ ಅಂತ ಮೊಟ್ಟೆ ಬೇಯಿಸಿ ತೋರಿಸಿದೆ. ಆಗ ಒಬ್ಬಳು, "ಸರ್, ಹಾಲು ಎಷ್ಟು ಕುದಿಸಿದರೂ ಗಟ್ಟಿಯಾಗಲ್ಲ, ಸ್ವಲ್ಪ ಕಾಚಂಪುಳಿ (ನಮ್ಮ ಕೊಡಗಿನ ಹುಳಿ ರಸ) ಬಿದ್ದರೆ ಒಡೆದೇ ಹೋಗುತ್ತದಲ್ಲ, ಯಾಕೆ?" ಅಂದಳು. ಒಳ್ಳೆ ಪ್ರಶ್ನೆ ಅಲ್ವಾ! ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್‌ಗೆ ಬಿಚ್ಚಿಕೊಳ್ಳುವಂಥ ಬಿಗಿ ಮಡಿಕೆಯೇ ಕಡಿಮೆ, ಹುಳಿ ಬಿದ್ದು ಪಿಎಚ್ (ಹುಳಿಯ ಅಳತೆ) 4.6ರ ಹತ್ತಿರ ಬಂದಾಗ ಒಟ್ಟು ಚಾರ್ಜ್ ಸೊನ್ನೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಅಂತ ಹೇಳಿದೆ.

ಕಷ್ಟ ಇರುವುದು ಮುಂದಿನದ್ದು. ವಿಜ್ಞಾನಿ ಕ್ರಿಶ್ಚಿಯನ್ ಆನ್ಫಿನ್ಸನ್ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಯೂರಿಯಾ ಬಳಸಿ ಬಿಚ್ಚಿದಾಗ, ಯೂರಿಯಾ ತೆಗೆದ ಮೇಲೆ ಅದು ತಾನಾಗಿಯೇ ಮತ್ತೆ ಮೊದಲಿನ ಆಕಾರಕ್ಕೆ ಬಂತು. 1972ರಲ್ಲಿ ನೊಬೆಲ್ ಸಿಕ್ಕಿತು. ಬೆಂದ ಮೊಟ್ಟೆ ಮಾತ್ರ ಹಾಗೆ ವಾಪಸ್ ಬರಲ್ಲ, ಬಿಚ್ಚಿದ ಸರಪಳಿಗಳು ಪರಸ್ಪರ ಸಿಕ್ಕಿಹಾಕಿಕೊಂಡಿರುತ್ತವೆ. ಇದನ್ನು ಕೈಯಲ್ಲಿ ಹಿಡಿದು ತೋರಿಸಬೇಕು. ತಂತಿಗೆ ಮಣಿ ಪೋಣಿಸಿದರೆ ನಾವು ಬಗ್ಗಿಸಿದ ಹಾಗೆ ಇರುತ್ತದೆ ಅಷ್ಟೆ, ತಾನಾಗಿ ಮಡಚಲ್ಲ. ದಾರದಲ್ಲಿ ಸಣ್ಣ ಮ್ಯಾಗ್ನೆಟ್ ಕಟ್ಟಿದರೆ ಆಗಬಹುದಾ? ವಿರಾಜಪೇಟೆ, ಮಡಿಕೇರಿ ಕಡೆಯ ಟೀಚರ್‌ಗಳು ಯಾರಾದರೂ ಇಂಥದ್ದು ಮಾಡಿದ್ದರೆ ಫೋಟೋ ಹಾಕಿ. ಮ್ಯಾಗ್ನೆಟ್ ಎಲ್ಲಿ ಸಿಗುತ್ತದೆ ಅಂತಲೂ ಹೇಳಿ, ಜಾಸ್ತಿ ಖರ್ಚು ಆಗದ ಹಾಗೆ.