ಗೆದ್ದ ಗೇಮ್‌ನ ಮುಂದಿನ ಭಾಗ ಅಂದ್ರೆ ಯಾಕೆ ಇಷ್ಟು ಹೆದರಿಕೆ?

ಕೊಡಲಿಕೈ:
ಗಾಡ್ ಆಫ್ ವಾರ್ ರ‍್ಯಾಗ್ನರಾಕ್ ಕಳೆದ ವಾರ ಮುಗಿಸಿದೆ. ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ, ಎರಡು ಕಡೆ ಕಣ್ಣಲ್ಲಿ ನೀರೇ ಬಂತು. ಆದರೂ ಏನೋ ಕೊರತೆ. ಇದರ ಹಿಂದಿನ ಭಾಗ, 2018ರ ಆಟದಲ್ಲಿ ಮೊದಲ ಸಲ ಕೊಡಲಿ ಎಸೆದು ವಾಪಸ್ ಕರೆದಾಗ, ಅದು ಗಾಳಿಯಲ್ಲಿ ತಿರುಗುತ್ತಾ ಬಂದು ನಾಯಕ ಕ್ರೇಟೋಸ್ ಕೈಗೆ ಬಡಿದಾಗ, ನನ್ನ ಕೈಯಲ್ಲಿದ್ದ ಕಂಟ್ರೋಲರ್ ಕೂಡ ನಡುಗಿತ್ತು. ಹತ್ತು ನಿಮಿಷ ಸುಮ್ನೆ ಮರಕ್ಕೆ ಎಸೆಯುತ್ತಾ ಕೂತಿದ್ದೆ. ಆಮೇಲೆ ಮನೆಯ ನೆಲದಡಿಯಿಂದ ಹಳೇ ಕತ್ತಿಗಳನ್ನು ಹೊರಗೆ ತೆಗೆಯುವ ಆ ಜಾಗ, ಅದನ್ನಂತೂ ಮರೆಯೋಕೇ ಆಗಲ್ಲ.

2022ರ ಈ ಭಾಗದಲ್ಲಿ ಅದೇ ಕೊಡಲಿ, ಅದೇ ಕತ್ತಿ, ಎರಡೂ ಶುರುವಿನಿಂದಲೇ ಕೈಯಲ್ಲಿ. ಹೊಸ ಆಯುಧ ಅಂದರೆ ಈಟಿ ಒಂದೇ, ಅದೂ ತುಂಬಾ ದೂರ ಹೋದ ಮೇಲೆ. ಜನ ಹೇಗೂ ಕೊಳ್ಳುತ್ತಾರೆ ಅಂತ ಗೊತ್ತಿದ್ದಾಗಲೇ ಅಲ್ವಾ ಹೊಸದು ಮಾಡಿ ನೋಡಬೇಕಾದದ್ದು?

ವೈಸ್‌ಸಿಟಿ ಹುಡುಗ:
ಮೊದಲು ಹೀಗಿರಲಿಲ್ಲ ಗುರು. ಜಿಟಿಎ ಸರಣಿಯನ್ನೇ ನೋಡಿ, ವೈಸ್ ಸಿಟಿ 2002, ಸ್ಯಾನ್ ಆಂಡ್ರಿಯಾಸ್ 2004. ನಡುವೆ ಬರೀ ಎರಡು ವರ್ಷ. ವೈಸ್ ಸಿಟಿಯಲ್ಲಿ ನಾಯಕ ಟಾಮಿ ನೀರಿಗೆ ಬಿದ್ದರೆ ಸತ್ತ ಅಂತಲೇ ಲೆಕ್ಕ. ದಾವಣಗೆರೆಯ ಸೈಬರ್ ಸೆಂಟರ್‌ನಲ್ಲಿ ಸ್ಯಾನ್ ಆಂಡ್ರಿಯಾಸ್ ಮೊದಲ ದಿನ ಆಡುವಾಗ ಓಡುತ್ತಾ ಹೋಗಿ ನೀರಿಗೆ ಬಿದ್ದೆ, ಹೋಯ್ತು ಅಂತ ಕೀಬೋರ್ಡಿನಿಂದ ಕೈ ತೆಗೆದೂ ಬಿಟ್ಟೆ. ಪಕ್ಕದ ಸಿಸ್ಟಮ್‌ನಲ್ಲಿ ಕೂತಿದ್ದವನು "ಲೇ, ಸಾಯಲ್ಲ ಕಣೋ, ಈಜ್ತಾನೆ ನೋಡು" ಅಂದ. ಆವತ್ತು ಮಿಷನ್ ಒಂದೂ ಆಡಲಿಲ್ಲ, ಗಂಟೆ ಪೂರ್ತಿ ಈಜಿದ್ದೇ. ಬರ್ಗರ್ ತಿಂದರೆ ಇದರ ನಾಯಕ ಸಿಜೆ ದಪ್ಪ ಆಗ್ತಾನೆ, ಜಿಮ್‌ಗೆ ಹೋದರೆ ತೋಳು ಬರುತ್ತೆ, ಒಂದು ಊರಿದ್ದ ಕಡೆ ಮೂರು ಊರು. ಮುಂದಿನ ಭಾಗ ಅಂದ್ರೆ ಅದು.

ಹೈಪಾಲಿ:
ಆ ಎರಡು ವರ್ಷದ ಲೆಕ್ಕ ಈಗ ನಡೆಯಲ್ಲ. ನಾನು ಬೆಂಗಳೂರಿನಲ್ಲಿ ಹೊರದೇಶದ ಗೇಮ್‌ಗಳಿಗೆ ಮಾಡೆಲ್ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಒಂದು ಮರದ ಬಾಗಿಲು ತಗೊಳ್ಳಿ. ಆಗ ಒಂದು ಚಪ್ಪಟೆ ಹಲಗೆ, ಅದರ ಮೇಲೆ ಒಂದು ಚಿತ್ರ ಅಂಟಿಸಿದರೆ ಮುಗೀತು. ಈಗ ಚಿಲಕ ಬೇಕು, ಮೊಳೆ ಬೇಕು, ಮೊಳೆ ಸುತ್ತ ತುಕ್ಕು ಬೇಕು, ಮಳೆನೀರಿಗೆ ಬುಡದಲ್ಲಿ ಉಬ್ಬಿದ ಮರ ಬೇಕು, ಹೈ ಪಾಲಿ (ಪೂರ್ತಿ ವಿವರದ ಮಾಡೆಲ್) ಮಾಡಿ, ಲೋ ಪಾಲಿ (ಗೇಮ್‌ಗೆ ಹಗುರಾದ ಮಾಡೆಲ್) ಮಾಡಿ, ಮೊದಲಿನದರ ವಿವರ ಎರಡನೆಯದಕ್ಕೆ ಇಳಿಸಿ, ಅಂದ್ರೆ ಬೇಕ್ ಮಾಡಿ, ಟೆಕ್ಸ್ಚರ್ (ಮೇಲ್ಮೈ ಚಿತ್ರ) ಹಾಕಿ ಕಳಿಸಿದರೆ ಫೀಡ್‌ಬ್ಯಾಕ್ ಬರುತ್ತೆ, ಮತ್ತೆ ಕೂರಬೇಕು. ಒಂದೇ ಬಾಗಿಲಿಗೆ ವಾರ ಹೋದದ್ದಿದೆ. ಹಾಗಾಗಿ ಹಳೇ ಬಾಗಿಲು ಮತ್ತೆ ಬಳಸಿದರೆ ದಯವಿಟ್ಟು ಬೈಯಬೇಡಿ. ಹಾಗೆ ಉಳಿಸಿದ ಸಮಯದಲ್ಲಿ ಏನು ಮಾಡಿದರು ಅಂತ ಕೇಳಿ.

ಮೂರನೇ ರಾತ್ರಿ:
ಹೈಪಾಲಿ ಹೇಳಿದ್ದಕ್ಕೆ ನಿಂಟೆಂಡೋದ ಜೆಲ್ಡಾ ಸರಣಿಯೇ ಸಾಕ್ಷಿ. ಆಕರಿನಾ ಆಫ್ ಟೈಮ್ 1998, ಮಜೋರಾಸ್ ಮಾಸ್ಕ್ 2000. ಎಷ್ಟೋ ಮುಖಗಳು ಹಳೇ ಆಟದವೇ, ಹಾಗೇ ಎತ್ತಿ ಇಟ್ಟಿದ್ದಾರೆ. ಆದರೆ ಆಟ ಬೇರೆಯೇ. ಮೂರು ದಿನ ಕಳೆದರೆ ಚಂದ್ರ ಊರಿನ ಮೇಲೆ ಬೀಳುತ್ತಾನೆ, ಅಷ್ಟರೊಳಗೆ ಹಾಡು ನುಡಿಸಿ ಮೊದಲ ದಿನಕ್ಕೆ ವಾಪಸ್ ಹೋಗಬೇಕು. ಮೊದಲ ರಾತ್ರಿ ಒಬ್ಬ ಕಳ್ಳ ಒಬ್ಬಳು ಅಜ್ಜಿಯ ಚೀಲ ಕಿತ್ತುಕೊಂಡು ಓಡುತ್ತಾನೆ. ತಡೆಯದಿದ್ದರೆ ಮೂರನೇ ರಾತ್ರಿ ಅದೇ ಚೀಲ ಇನ್ನೊಂದು ಅಂಗಡಿಯಲ್ಲಿ ಮಾರಾಟಕ್ಕೆ ಬಂದಿರುತ್ತೆ. ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಯ್ತು ನನಗೆ, ಆ ರಾತ್ರಿ ನಾನು ಪಕ್ಕದ ಬೀದಿಯಲ್ಲೇ ಇದ್ದೆ.

2023ರ ಟಿಯರ್ಸ್ ಆಫ್ ದಿ ಕಿಂಗ್‌ಡಮ್ ಕೂಡ ಹಾಗೇ. ನೆಲ 2017ರ ಬ್ರೆತ್ ಆಫ್ ದಿ ವೈಲ್ಡ್ ಆಟದ್ದೇ, ಆದರೆ ಈಗ ಹಲಗೆಗೆ ಚಕ್ರ ಅಂಟಿಸಿ ಗಾಡಿ ಮಾಡಿಕೊಂಡು ಹೋಗಬಹುದು.

ಶನಿವಾರ ಮಾತ್ರ:
ನಾನು ಒಪ್ಪಲ್ಲ. ರ‍್ಯಾಗ್ನರಾಕ್‌ನಲ್ಲಿ ಹೊಸದೇನೂ ಇಲ್ಲ ಅಂದರೆ ಹೇಗೆ? ಮೊದಲ ಆಟದಲ್ಲಿ ನಾವು ಬಟನ್ ಒತ್ತಿದರೆ ಬಾಣ ಬಿಡುತ್ತಿದ್ದ ಹುಡುಗ ಅಟ್ರೇಯಸ್, ಕ್ರೇಟೋಸ್‌ನ ಮಗ. ಇದರಲ್ಲಿ ನಾವೇ ಅಟ್ರೇಯಸ್ ಆಗಿ ಆಡ್ತೀವಿ, ಬಿಲ್ಲು ನಮ್ಮ ಕೈಗೇ ಬರುತ್ತೆ. ಮಗ ಇದ್ದವರಿಗೆ ಅದು ಸಣ್ಣ ಬದಲಾವಣೆ ಅಲ್ಲ.

ಕೊಡಲಿಕೈ:
ಅಟ್ರೇಯಸ್ ವಿಷಯ ಒಪ್ಪಿದೆ, ನಾನು ಅದನ್ನು ಹಾಗೆ ನೋಡಿರಲೇ ಇಲ್ಲ. ಆದರೆ ನಿನ್ನೆ ವಲ್‌ಹಲ್ಲಾ ಶುರು ಮಾಡಿದೆ, ಇದೇ ಆಟಕ್ಕೆ 2023ರ ಡಿಸೆಂಬರ್‌ನಲ್ಲಿ ಉಚಿತವಾಗಿ ಕೊಟ್ಟ ಹೆಚ್ಚುವರಿ ಭಾಗ ಇದೆಯಲ್ಲ, ಅದು. ಸತ್ತರೆ ಮತ್ತೆ ಮೊದಲಿಂದ, ಪ್ರತಿ ಸಲ ಶಕ್ತಿಗಳನ್ನು ಬೇರೆ ಬೇರೆಯಾಗಿ ಆರಿಸಿಕೊಳ್ಳಬೇಕು. ಅದೇ ಕೊಡಲಿ, ಆದರೂ ಕೈಗೆ ಹೊಸದು ಅನಿಸ್ತು. ಇಷ್ಟು ಧೈರ್ಯ ಇದ್ದವರು ದುಡ್ಡು ಕೊಟ್ಟು ಕೊಂಡ ಆಟದಲ್ಲಿ ಯಾಕೆ ತೋರಿಸಲಿಲ್ಲ ಅನ್ನೋದೇ ನನ್ನ ಬೇಜಾರು.

ಮೂರನೇ ರಾತ್ರಿ, ಮಜೋರಾ ಇವತ್ತೇ ಶುರು ಮಾಡ್ತೀನಿ. ಅಜ್ಜಿ ಚೀಲ ಉಳಿಸೋಕೆ ಎಲ್ಲಿ ನಿಲ್ಲಬೇಕು?

ಮೂರನೇ ರಾತ್ರಿ:
ಊರಿನ ಉತ್ತರ ಭಾಗದಲ್ಲಿ, ಮೊದಲ ರಾತ್ರಿ 12ಕ್ಕೆ ಮುಂಚೆ. ಕತ್ತಿಯಲ್ಲೇ ಹೊಡಿ. ಬಾಣ ಬಿಡಬೇಡ, ಚೀಲದ ತುಂಬ ಬಾಂಬ್ ಇದೆ.