ಗುಂಪಿನ ಪ್ರಾಜೆಕ್ಟಿಗೆ ಒಬ್ಬೊಬ್ಬರ ಅಂಕ ಹೇಗೆ ಕೊಡುತ್ತೀರಿ?

ಪ್ರಶ್ನೆ:
ಎರಡನೇ ವರ್ಷದವರಿಗೆ ಜಾವಾ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ನಾಲ್ವರ ಗುಂಪು, ಒಂದು ಪ್ರಾಜೆಕ್ಟ್, 40 ಅಂಕ. ಈ ಸಲ ಒಂದು ಗುಂಪು ಲೈಬ್ರರಿ ಪ್ರೋಗ್ರಾಮನ್ನು ಚೆನ್ನಾಗಿಯೇ ಮಾಡಿತ್ತು. ಡೆಮೊ ಆದ ಮೇಲೆ ಒಬ್ಬನನ್ನು ಸುಮ್ನೆ ಕೇಳಿದೆ, 'ಇಲ್ಲಿ ಅರೇಲಿಸ್ಟ್ ಬಿಟ್ಟು ಹ್ಯಾಶ್‌ಮ್ಯಾಪ್ ಯಾಕೆ ಹಾಕಿದಿರಿ?' (ಎರಡೂ ಜಾವಾದಲ್ಲಿ ಮಾಹಿತಿ ಇಟ್ಟುಕೊಳ್ಳುವ ಬಗೆಗಳು.) ಅವನು ಪಕ್ಕದ ಹುಡುಗಿಯ ಮುಖ ನೋಡಿದ. ಆದರೂ ನಾಲ್ವರಿಗೂ ಒಂದೇ ಅಂಕ! ಹಾಗಂತ ಗುಂಪು ಕೆಲಸ ಬಿಡಲು ಮನಸ್ಸಿಲ್ಲ. ಬೇರೆಯವರ ಕೋಡ್ ಓದುವುದು, ಮರ್ಜ್ ಕಾನ್‌ಫ್ಲಿಕ್ಟ್ (ಇಬ್ಬರು ಒಂದೇ ಜಾಗದ ಕೋಡ್ ಬದಲಿಸಿದಾಗ ಬರುವ ತಿಕ್ಕಾಟ) ಬಿಡಿಸುವುದು ಒಬ್ಬರೇ ಕೂತು ಕಲಿಯುವಂಥದ್ದಲ್ಲ ಅಲ್ವಾ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಯಾರದ್ದು ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಅಂತ ಎಣಿಸಿ ಅಂಕ ಕೊಟ್ಟರೆ ಆಗುತ್ತದಾ?

ಉತ್ತರ 1:
ಬೇಡ ಮೇಡಂ. ಕಮಿಟ್‌ಗೆ ಅಂಕ ಇದೆ ಅಂತ ಗೊತ್ತಾದರೆ ಸ್ಪೇಸ್ ಹಾಕಿ ಒಂದು ಕಮಿಟ್, ತೆಗೆದು ಇನ್ನೊಂದು. ಇಬ್ಬರು ಒಂದೇ ಕಂಪ್ಯೂಟರ್ ಮುಂದೆ ಕೂತು ಬರೆದರೆ ಸಾಮಾನ್ಯವಾಗಿ ಹೆಸರು ಒಬ್ಬರದ್ದೇ ಬೀಳುತ್ತದೆ. ಸ್ಕ್ವಾಶ್ ಮಾಡಿದರಂತೂ ಹತ್ತು ಕಮಿಟ್ ಸೇರಿ ಒಂದಾಗುತ್ತದೆ. ಯಾರಿಗೆ ಏನು ಕೇಳಬೇಕು ಅಂತ ತಿಳಿಯಲು ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ) ನೋಡಿ, ಅಷ್ಟೇ.

ಉತ್ತರ 2:
ನಾನು 40ರಲ್ಲಿ 15 ಮಾತ್ರ ಗುಂಪಿಗೆ ಇಟ್ಟಿದ್ದೇನೆ. ಉಳಿದ 25 ಲ್ಯಾಬಿನಲ್ಲಿ, ಒಬ್ಬೊಬ್ಬರೇ ಕೂತು, ತಮ್ಮ ಗುಂಪಿನ ಕೋಡಿನಲ್ಲೇ ಒಂದು ಸಣ್ಣ ಬದಲಾವಣೆ ಮಾಡುವುದಕ್ಕೆ. ಅದೂ ತಾವು ಬರೆಯದ ಭಾಗದಲ್ಲಿ. ನಿಮ್ಮ ಲೈಬ್ರರಿ ಪ್ರೋಗ್ರಾಮನ್ನೇ ತಗೊಳ್ಳಿ: 'ತಡವಾದರೆ ದಂಡ ಬೀಳುತ್ತದಲ್ಲ, ರಜಾದಿನ ಬಿಟ್ಟು ಲೆಕ್ಕ ಹಾಕುವ ಹಾಗೆ ಮಾಡಿ.' ಕೋಡ್ ಓದಿದವರು ನೇರವಾಗಿ ದಂಡ ಲೆಕ್ಕ ಹಾಕುವ ಮೆಥಡ್‌ಗೆ ಹೋಗುತ್ತಾರೆ. ಓದದವರು ಪ್ರೋಗ್ರಾಮ್ ಶುರುವಾಗುವ ಮೇನ್‌ನಿಂದ ಶುರು ಮಾಡಿ ಸ್ಕ್ರಾಲ್ ಮಾಡುತ್ತಲೇ ಇರುತ್ತಾರೆ. ಬದಲಾವಣೆ ಪೂರ್ತಿ ಆಗದಿದ್ದರೂ ಪರವಾಗಿಲ್ಲ, ಸರಿಯಾದ ಜಾಗ ಹುಡುಕಿದರೆ ಅರ್ಧ ಅಂಕ ಅಲ್ಲೇ ಬಂತು.

ಇದನ್ನು ಮೊದಲ ಕ್ಲಾಸಿನಲ್ಲೇ ಹೇಳಿಬಿಡಿ. ಆಮೇಲೆ ಜಾಣರು ಉಳಿದವರಿಗೆ ವಿವರಿಸಲು ಶುರು ಮಾಡುತ್ತಾರೆ, ಉಳಿದವರೂ ಬಿಡದೆ ಕೇಳುತ್ತಾರೆ. ನಮಗೆ ಬೇಕಾಗಿದ್ದೂ ಅದೇ ತಾನೆ? ಬಾಯಿಬಿಟ್ಟು ಮಾತಾಡದ ಮಕ್ಕಳಿಗೂ ಇದು ವೈವಾಗಿಂತ ಒಳ್ಳೆಯದು. ಮೊದಲು ಟೈಪ್ ಮಾಡಲಿ, ಮಾತು ಆಮೇಲೆ.

ಉತ್ತರ 3:
ಗುಂಪನ್ನೂ ಚಿಕ್ಕದು ಮಾಡಿ, ಮೂವರು ಸಾಕು. ಹಗ್ಗ ಎಳೆಸಿ ನೋಡಿದ ಫ್ರೆಂಚ್ ಎಂಜಿನಿಯರ್ ರಿಂಗಲ್‌ಮನ್ 1913ರಲ್ಲೇ ಬರೆದಿದ್ದಾನೆ, ಜನ ಜಾಸ್ತಿಯಾದಷ್ಟೂ ಒಬ್ಬೊಬ್ಬರು ಎಳೆಯುವುದು ಕಡಿಮೆ ಆಗುತ್ತದೆ ಅಂತ. ಒಬ್ಬರಿಗೊಬ್ಬರು ಅಂಕ ಕೊಡಲಿ ಅಂತ ಬಿಟ್ಟರೆ ಗೆಳೆಯರೆಲ್ಲ ಹತ್ತಕ್ಕೆ ಹತ್ತು ಹಾಕುತ್ತಾರೆ. ಅದರ ಬದಲು 'ಯಾರು ಯಾವ ಬಗ್ ಸರಿ ಮಾಡಿದರು?' ಅಂತ ಬರೆಸಿ.

ಪ್ರಶ್ನೆ ಕೇಳಿದವರು:
ಲ್ಯಾಬ್ ಪರೀಕ್ಷೆ ಹಿಡಿಸಿತು. ಆದರೆ ನನ್ನ ಕ್ಲಾಸಿನಲ್ಲಿ 60 ಜನ. ಒಬ್ಬರಿಗೆ 15 ನಿಮಿಷ ಅಂದರೂ 15 ಗಂಟೆ!

ಉತ್ತರ 2 ಬರೆದವರು:
ಒಬ್ಬರಾದ ಮೇಲೆ ಒಬ್ಬರು ಅಲ್ಲ ಮೇಡಂ, ಒಂದು ಬ್ಯಾಚ್ ಒಟ್ಟಿಗೇ ಕೂರಲಿ. ಒಂದೇ ಗುಂಪಿನವರಿಗೆ ಬೇರೆ ಬೇರೆ ಪ್ರಶ್ನೆ ಕೊಡಿ. ನೀವು ಸುತ್ತಾಡುತ್ತಾ ಅನುಮಾನ ಬಂದವರ ಹತ್ತಿರ ಮಾತ್ರ ನಿಂತರೆ ಸಾಕು. ಪ್ರಶ್ನೆ ತಯಾರಿಸುವುದೇ ಜಾಸ್ತಿ ಕೆಲಸ, ಅದಕ್ಕೆ ಒಂದು ಭಾನುವಾರ ಹೋಗುತ್ತದೆ.