ಅಪ್‌ಡೇಟ್: ಚಾರ್ಟ್ ವಿವರಿಸುವ ಬಗ್ಗೆ ಕೇಳಿದ್ದೆ, ಮೀಟಿಂಗ್ ಮುಗಿಯಿತು

ಕಾಫಿ ಪುಡಿ ಮಾರಾಟದ ರಿವ್ಯೂನಲ್ಲಿ ಚಾರ್ಟ್‌ಗಳನ್ನು ಎಲ್ಲಿಂದ ವಿವರಿಸಲು ಶುರು ಮಾಡಲಿ ಅಂತ ಕೇಳಿದ್ದೆ. ಮೀಟಿಂಗ್ ಚೆನ್ನಾಗಿ ಆಯ್ತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

"ಕೆಳಗೆ ಏನಿದೆ, ಪಕ್ಕದಲ್ಲಿ ಏನಿದೆ ಅಂತ ಮೊದಲು ಹೇಳಿ, ಆಮೇಲೆ ಏರಿಳಿತ" ಅಂದಿದ್ದಿರಿ. ಹಾಗೇ ಹೇಳಿದೆ: "ಕೆಳಗೆ ತಿಂಗಳುಗಳು, ಎಡಗಡೆ ಮಾರಾಟ, ಲಕ್ಷ ರೂಪಾಯಿಗಳಲ್ಲಿ. ಆಗಸ್ಟ್‌ವರೆಗೆ ಗೆರೆ ಹೆಚ್ಚುಕಡಿಮೆ ಸಮ. ದಸರಾ ಹೊತ್ತಿಗೆ ಏರಿದೆ." ಸ್ಲೈಡ್ ತಲೆಬರಹವನ್ನೂ "ಮಾಸಿಕ ಮಾರಾಟ" ಬದಲು "ಹಬ್ಬದ ತಿಂಗಳಲ್ಲಿ ಮಾರಾಟ ಏರಿತು" ಅಂತ ಬರೆದೆ. ಯಾರೂ ಚಾರ್ಟ್ ಮುಂದೆ ತಡಕಾಡಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಬಾರ್ ಚಾರ್ಟ್ ಸ್ಕೇಲ್ ಸೊನ್ನೆಯಿಂದ ಶುರು ಮಾಡಿ ಅನ್ನೋ ಸಲಹೆ. ಮಾರಾಟ 40 ಲಕ್ಷದಿಂದ 42 ಲಕ್ಷಕ್ಕೆ ಹೋಗಿದೆ, ಅಂದ್ರೆ 5% ಏರಿಕೆ. ಸ್ಕೇಲ್ 38ರಿಂದ ಶುರುವಾದರೆ ಎರಡನೇ ಕಂಬ ಮೊದಲನೆಯದಕ್ಕಿಂತ ಡಬಲ್ ಕಾಣುತ್ತದೆ! ಸೊನ್ನೆಯಿಂದಲೇ ಶುರು ಮಾಡಿದೆ. ಏರಿಕೆ ಸಣ್ಣದಾಗಿ ಕಂಡರೂ ಪರವಾಗಿಲ್ಲ, ನೋಡುವವರ ನಂಬಿಕೆ ದೊಡ್ಡದು.

ಲಾಭದ ಪ್ರಮಾಣ 4%ರಿಂದ 6% ಆಗಿತ್ತು. ಇದನ್ನು "2% ಏರಿಕೆ" ಅನ್ನಬಾರದು, ಅಲ್ವಾ? ಅದು 2 ಪರ್ಸೆಂಟೇಜ್ ಪಾಯಿಂಟ್, ಅಂದ್ರೆ ಎರಡು ಶೇಕಡಾವಾರು ಅಂಕಿಗಳ ನಡುವಿನ ನೇರ ವ್ಯತ್ಯಾಸ. ಮೊದಲಿನ ಪ್ರಮಾಣಕ್ಕೆ ಹೋಲಿಸಿದರೆ 50% ಏರಿಕೆ. ನಾನು "4ರಿಂದ 6ಕ್ಕೆ" ಅಂತ ಎರಡೂ ಅಂಕಿ ಹೇಳಿಬಿಟ್ಟೆ. ಫೈನಾನ್ಸ್ ಮೇಡಂ ತಕ್ಷಣ ತಲೆಯಾಡಿಸಿದರು.

ಜಿಲ್ಲಾವಾರು ಪೈ ಚಾರ್ಟ್ ಮಾತ್ರ ತೆಗೆದೇಬಿಟ್ಟೆ. ಅಷ್ಟೊಂದು ತುಂಡುಗಳಲ್ಲಿ ಹಾಸನ ದೊಡ್ಡದೋ ಮಂಡ್ಯ ದೊಡ್ಡದೋ ಕಣ್ಣಿಗೆ ಗೊತ್ತಾಗುವುದಿಲ್ಲ. ಅಡ್ಡ ಬಾರ್ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಮುಂದಿನ ರಿವ್ಯೂಗೂ ಅದೇ ಇರಲಿ ಅಂದಿದ್ದಾರೆ.